ನಾನು ಜೋಡಿಸಿದ ಕಂಪ್ಯೂಟರ್

ನನಗೆ ಬೀಡಿ ಸಿಗರೇಟಿನ ಅಭ್ಯಾಸವಿಲ್ಲ, ಇಸ್ಪೀಟೆಲೆ ಮುಟ್ಟಿದವನಲ್ಲ. ಆದರೂ ಒಂದು ದುರಭ್ಯಾಸವಿದೆ, ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಯಾವ ಸಾಮಾನು ಕೊಂಡರೂ ಅದರ ಜೊತೆ ಬರುವ ಸೂಚನೆಯ ಹಾಳೆಯನ್ನು ನಾನು ಓದುವುದಿಲ್ಲ. ಮಿಕ್ಸಿ ಬಂದಾಗ ಓದಲಿಲ್ಲ, ಕುಕ್ಕರ್ ಬಂದಾಗಲೂ ಓದಲಿಲ್ಲ. ಕುಕ್ಕರಿನ ಗುರುತು ಅಡುಗೆಮನೆಯ ಸೂರಿನಲ್ಲಿ ಇಂದಿಗೂ ಇದೆ. ಬೆಳಗಾದರೆ ಹೈಸ್ಕೂಲಿನಲ್ಲಿ ನಿಂತು, "ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಬರೆಯೋಕೆ ಶುರು ಮಾಡಬೇಡಿ, ಎರಡು ಸಲ ಓದಿ" ಎಂದು ಮಕ್ಕಳಿಗೆ ಬುದ್ಧಿ ಹೇಳುವ ಕನ್ನಡ ಮೇಷ್ಟರೂ ನಾನೇ. ಹೇಳುವುದು ಕಸುಬು, ಕೇಳುವುದು ಬೇರೆಯವರ ಪಾಡು ಎಂದು ಅಂದುಕೊಂಡು ಬಹಳ ವರ್ಷ ನೆಮ್ಮದಿಯಿಂದಿದ್ದೆ.

ಹೊಳೆನರಸೀಪುರದ ಕೋಟೆಯೊಳಗಿನ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ. ತರಲೇಬೇಕೆಂದು ಹಟ ಹಿಡಿದವನು ನಾನು, ನೆಪ ನನ್ನ ಹೆಂಡತಿ ಜಯಂತಿಯದು. ಅವಳು ಕನ್ನಡ ಟೈಪಿಂಗಿನಲ್ಲಿ ಸೀನಿಯರ್ ಪಾಸಾದವಳು. ಪಕ್ಕದ ಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಸರೋಜಮ್ಮನವರು ಬಳಸಿಕೋ ಎಂದು ಕೊಟ್ಟಿದ್ದ ಹಳೆಯ ಮೆಷಿನ್ನಿನಲ್ಲಿ ಊರಿನವರ ಅರ್ಜಿ, ಕರಾರುಪತ್ರಗಳನ್ನು ಟೈಪು ಮಾಡಿಕೊಡುತ್ತಿದ್ದಳು. ಆ ವರ್ಷ ನಮ್ಮೂರಿನ ಮಹಿಳಾ ಸಮಾಜದವರು ಸ್ಮರಣ ಸಂಚಿಕೆಯ ಕೆಲಸವನ್ನು ಇವಳಿಗೇ ಒಪ್ಪಿಸಿದ್ದರು. ಮೂವತ್ತು ಪುಟ, ಸೋಮವಾರ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಅವಳ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ ಅದು. "ಆಗುತ್ತೆ, ನಾನು ಮಾಡಿಕೊಡ್ತೀನಿ" ಎಂದು ಅಷ್ಟು ಹೆಂಗಸರ ನಡುವೆ ನಿಂತು ಮಾತು ಕೊಟ್ಟು ಬಂದಿದ್ದಳು. ನಾನು, "ಮನೆಗೆ ಕಂಪ್ಯೂಟರ್ ಬಂದ ಮೇಲೆ ಆ ಕುಟ್ಟಾಣಿ ಯಾಕೆ?" ಎಂದವನೇ ಮೆಷಿನ್ನನ್ನು ಹೆಗಲ ಮೇಲೆ ಹೊತ್ತು ಸರೋಜಮ್ಮನವರಿಗೆ ವಾಪಸ್ಸು ಕೊಟ್ಟು ಬಂದೆ. "ಮೊದಲು ಅದು ಬಂದು ನೆಟ್ಟಗೆ ನಡೀಲಿ ರೀ, ಆಮೇಲೆ ಕೊಡೋಣ" ಎಂದು ಜಯಂತಿ ಹೇಳಿದ್ದು ನಿಜ. ನಾನು ಅಷ್ಟು ಹೊತ್ತಿಗೆ ಬೀದಿಯ ತಿರುವಿನಲ್ಲಿದ್ದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಆ ಬೇಸಿಗೆಯಲ್ಲಿ ಹಾಸನದಲ್ಲಿ ಮೇಷ್ಟರುಗಳಿಗೆಲ್ಲ ಹತ್ತು ದಿನದ ಕಂಪ್ಯೂಟರ್ ತರಬೇತಿ ನಡೆದಿತ್ತು. ಅಲ್ಲಿ ಕಲಿಸುವಾತ ಒಂದು ದಿನ ಡಬ್ಬಿಯನ್ನು ಬಿಚ್ಚಿ ತೋರಿಸಿ, "ಇದರಲ್ಲೇನಿಲ್ಲ ಸಾರ್, ಎಲ್ಲಾ ಸಿಕ್ಕಿಸೋದಷ್ಟೇ" ಎಂದಿದ್ದ. ಉಳಿದ ಒಂಬತ್ತು ದಿನದ ಪಾಠ ಮರೆತುಹೋಯಿತು, ಈ ಒಂದು ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ಹಾಸನದ ಅಂಗಡಿಯವನು ತಾನೇ ಜೋಡಿಸಿಕೊಡುತ್ತೇನೆಂದರೂ ಬೇಡವೆಂದು, ಬಿಡಿಬಿಡಿ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಸಿಕೊಂಡು ಬಸ್ಸು ಹತ್ತಿದೆ. ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು, "ಟೀವಿನಾ ಮಗಾ?" ಎಂದಳು. "ಕಂಪ್ಯೂಟರ್ ಅಜ್ಜಿ, ನಾನೇ ಜೋಡಿಸ್ತೀನಿ" ಎಂದೆ. ಅವಳು ಕೇಳಿದ್ದು ಅಷ್ಟೇ, ಮುಂದುವರಿಸಿದ್ದು ನಾನೇ. ಊರು ಬರುವಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ವಿಷಯ ಗೊತ್ತಾಗಿತ್ತು, ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಉಳಿದವರಿಗೂ ಗೊತ್ತಾಯಿತು.

ಬುಧವಾರ ಸಂಜೆ ನಡುಮನೆಯಲ್ಲಿ ಜಮಖಾನ ಹಾಸಿ ಕೆಲಸಕ್ಕೆ ಕೂತೆ. ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಆರು ಹಿತ್ತಾಳೆಯ ಚೂರುಗಳಿದ್ದವು, ಕೆಳಗೆ ತಿರುಪು, ಮೇಲೆ ತೂತು, ಬೆರಳ ತುದಿಯಷ್ಟು ಎತ್ತರ. ಇವು ಯಾಕೆಂದು ಹೊಳೆಯಲಿಲ್ಲ. ಕಂಪನಿಯವರು ಹೆಚ್ಚುವರಿಯಾಗಿ ಹಾಕಿರುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಬಂದು, "ಎಷ್ಟು ಮುದ್ದಾಗಿದೆಯೋ, ಅಪ್ಪಟ ಹಿತ್ತಾಳೆ. ನಿನಗೆ ಬೇಕೇನೋ?" ಎಂದರು. ನಮ್ಮದು ತಲೆತಲಾಂತರದಿಂದ ಪೂಜೆ ಪುನಸ್ಕಾರದ ಮನೆತನ. ಹಿತ್ತಾಳೆ ಅಂದರೆ ಅದು ದೇವರ ಮನೆಯ ಸೊತ್ತು ಎಂದೇ ಅಮ್ಮನ ಲೆಕ್ಕ. "ತಗೊಳ್ಳಮ್ಮ" ಎಂದು ಧಾರಾಳವಾಗಿ ಕೊಟ್ಟುಬಿಟ್ಟೆ. ಆಮೇಲೆ ಮದರ್‌ಬೋರ್ಡ್ ಎಂಬ ಹಸಿರು ಹಲಗೆಯನ್ನು ಡಬ್ಬಿಯೊಳಗಿನ ತಗಡಿನ ಮೇಲಿಟ್ಟು ತಿರುಪು ಹಾಕಲು ಹೋದರೆ, ತೂತು ದೊಡ್ಡದು, ತಿರುಪು ಸಣ್ಣದು, ಹಿಡಿಯಲೊಲ್ಲದು. ನನಗೆ ಉಪಾಯಗಳಿಗೆ ಕೊರತೆಯಿಲ್ಲ. ಹೂ ಕಟ್ಟುವ ದಾರವನ್ನು ನಾಲ್ಕು ಮೂಲೆಗೆ ಪೋಣಿಸಿ ಹಲಗೆಯನ್ನು ತಗಡಿಗೆ ಬಿಗಿದು ಕಟ್ಟಿದೆ.

ಅಮ್ಮ ಡಬ್ಬಿಗೆ ಅರಿಶಿನ ಕುಂಕುಮ ಇಟ್ಟರು. ಜಯಂತಿ ಸ್ಮರಣ ಸಂಚಿಕೆಯ ಕೈಬರಹದ ಹಾಳೆಗಳನ್ನು ಜೋಡಿಸಿಕೊಂಡು ಕುರ್ಚಿ ಎಳೆದು ಕೂತಳು. ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ದೀಪವಿಲ್ಲ, ಸದ್ದಿಲ್ಲ. ಗುಂಡಿಗೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನಷ್ಟು ಜೋರಾಗಿ ಒತ್ತಿದೆ. "ಕರೆಂಟ್ ಇದೆಯಾ ನೋಡಿ" ಎಂದಳು ಜಯಂತಿ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಗುರುವಾರ, ಶುಕ್ರವಾರ ಎರಡು ದಿನ ಪಟ್ಟ ಪಾಡು ಯಾರಿಗೂ ಬೇಡ. ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪು ಹಾಕಿದೆ, ಉರಿಯಿತು. ಇಸ್ತ್ರಿಪೆಟ್ಟಿಗೆ ಹಾಕಿದೆ, ಕಾದಿತು. ಕಾದದ್ದು ಕಾದಿತಲ್ಲ ಎಂದು ಒಂದು ಅಂಗಿಯನ್ನೂ ಇಸ್ತ್ರಿ ಮಾಡಿದೆ. ಡಬ್ಬಿಯ ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಮನೆಯವರೆಲ್ಲ ಕೆಮ್ಮಿದೆವು, ಕಂಪ್ಯೂಟರ್ ಮಾತ್ರ ಸುಮ್ಮನಿತ್ತು. ಪೆಟ್ಟಿಗೆಯ ತಳದಲ್ಲಿ ಸೂಚನೆಯ ಪುಸ್ತಕ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಮಲಗಿತ್ತು. ಈಗ ಅದನ್ನು ಬಿಚ್ಚಿದರೆ ಜಯಂತಿ ನೋಡುತ್ತಾಳೆ ಎಂದು ಬಿಚ್ಚಲಿಲ್ಲ. ಹಾಸನದ ಅಂಗಡಿಯವನಿಗೆ ಫೋನು ಮಾಡಲೂ ಇದೇ ಅಡ್ಡಿ. ಸರೋಜಮ್ಮನವರ ಮೆಷಿನ್ನನ್ನು ಮತ್ತೆ ಕೇಳುವುದೂ ಬೇಡ, ಇವತ್ತು ಸರಿಹೋಗುತ್ತದೆ ಎಂದು ಜಯಂತಿಯನ್ನು ದಿನವೂ ತಡೆದಿದ್ದೆ.

ಜಯಂತಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಊಟ ಬಡಿಸುವಾಗ ಒಂದೇ ಒಂದು ಸಲ, "ಮಾತು ಕೊಟ್ಟಿದ್ದೀನಿ ರೀ, ಮೊದಲನೇ ಕೆಲಸ" ಎಂದಳು. ನನ್ನ ಮರ್ಯಾದೆ ಹೋದರೆ ಸ್ಟಾಫ್ ರೂಮಿನವರು ನಾಲ್ಕು ದಿನ ನಕ್ಕು ಬಿಡುತ್ತಾರೆ. ಅವಳ ಮಾತು ಹೋದರೆ ಅವಳನ್ನು ಇನ್ನೊಬ್ಬರು ನಂಬಿ ಕೆಲಸ ಕೊಡುವುದಿಲ್ಲ. ನಾಚಿಕೆಯಾಯಿತು.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಮ್ಮ ಡ್ರಿಲ್ ಮೇಷ್ಟರು ಚಂದ್ರೇಗೌಡರ ಮುಂದೆ ಎಲ್ಲ ಹೇಳಿಕೊಂಡೆ. ಅವರದು ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬೇಸಾಯ. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇಟ್ಟುಕೊಂಡೇ ಓಡಾಡುವ ಮನುಷ್ಯ. "ನಂಗೆ ಕಂಪ್ಯೂಟ್ರು ಗೊತ್ತಿಲ್ಲ ಸಾ. ಕರೆಂಟು ಗೊತ್ತು. ನಡೀರಿ, ನೋಡವ" ಎಂದು ಊರಿನ ಬಸ್ಸನ್ನೂ ಬಿಟ್ಟು ನನ್ನ ಜೊತೆ ಬಂದರು. ಡಬ್ಬಿಯ ಬಾಗಿಲು ತೆಗೆದು ಬಗ್ಗಿ ನೋಡಿದರು. ಹೂವಿನ ದಾರವನ್ನು ಬೆರಳಲ್ಲಿ ಮೀಟಿದರು. ನಗಲಿಲ್ಲ, ದೊಡ್ಡ ಮನಸ್ಸು.

"ಸಾ, ಈ ಅಲಗೆ ಅಡೀಲಿ ನೋಡಿ, ಮೈಯೆಲ್ಲಾ ಬೆಸುಗೆ. ಇದನ್ನ ಅಂಗೇ ತಗಡ್ ಮ್ಯಾಲೆ ಮಲಗಿಸ್ಬುಟ್ಟಿದೀರಿ. ಬೆಸುಗೆ ತಗಡಿಗೆ ತಗುಲಿ ಶಾರ್ಟ್ ಆಯ್ತಾ ಐತೆ. ನಮ್ ಪಂಪ್‌ಸೆಟ್ ಸ್ಟಾರ್ಟ್ರು ಒಳಗೂ ಇಂಗಾದ್ರೆ ಮೋಟ್ರು ಎತ್ತಕಿಲ್ಲ. ಇದುನ್ನ ಎತ್ತರಿಸಿ ನಿಲ್ಲಿಸಕೆ ಕಾಲು ಅಂತ ಏನಾದ್ರೂ ಕೊಟ್ಟಿರಬೇಕಲ್ಲ ಸಾ, ಏನೂ ಬರಲಿಲ್ವಾ?"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ದೇವರ ಮನೆಯ ಕಡೆ ನೋಡಿದರು. ಅಲ್ಲಿ ಸಾಲಿಗ್ರಾಮದ ಮರದ ಪೀಠ ದಿನವೂ ಅಭಿಷೇಕದ ನೀರಿನಲ್ಲಿ ನೆನೆದು ತಳ ಕೊಳೆಯುತ್ತಿತ್ತು. ನೆಲ ತಾಗದಿರಲೆಂದು ಅಮ್ಮ ನಾನು ಕೊಟ್ಟ ಆರು ಚೂರುಗಳನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ ಪೀಠದ ಅಡಿಗೆ ಕೂರಿಸಿದ್ದರು. ಯಾವ ಉದ್ದೇಶಕ್ಕೆ ಹುಟ್ಟಿದ್ದವೋ ಅದೇ ಕೆಲಸವನ್ನು ಅವು ಮಾಡುತ್ತಿದ್ದವು, ಜಾಗ ಮಾತ್ರ ಬೇರೆ. "ಈಗಲೇ ತೆಗೆದುಕೊಡಮ್ಮ" ಎಂದೆ. "ಅದ್ಹೇಗೋ ಆಗುತ್ತೆ? ದೇವರಿಗೆ ಒಪ್ಪಿಸಿ ಆಗಿದೆ. ನಾಳೆ ಬೆಳಿಗ್ಗೆ ಮಡಿಯಲ್ಲಿ ಅಪ್ಪಣೆ ಕೇಳ್ತೀನಿ. ಕೊಟ್ಟರೆ ಉಂಟು" ಎಂದರು. ಚಂದ್ರೇಗೌಡರು, "ಕೇಳೇ ತಗೊಳ್ಳಿ ಸಾ, ನಾಳೀಕೆ ಬತ್ತೀನಿ" ಎಂದು ಎದ್ದರು.

ಭಾನುವಾರ ಬೆಳಿಗ್ಗೆ ಅಮ್ಮ ಪೂಜೆ ಮುಗಿಸಿ, ದೇವರ ಮೇಲೆ ಎಡಕ್ಕೂ ಬಲಕ್ಕೂ ಒಂದೊಂದು ಸೇವಂತಿಗೆ ಇಟ್ಟು ಕೈಮುಗಿದು ಕೂತರು. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ತರಬೇತಿಯ ಹತ್ತು ದಿನವೂ ನಾನು ಅಷ್ಟು ಏಕಾಗ್ರತೆಯಿಂದ ಕೂತಿರಲಿಲ್ಲ. ಪಡಸಾಲೆಯಲ್ಲಿ ಚಂದ್ರೇಗೌಡರು ಕಾಫಿ ಲೋಟವನ್ನು ಬಾಯಿಗೆ ತಾಗಿಸದೆ ಹಿಡಿದುಕೊಂಡಿದ್ದರು. ಜಯಂತಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಅರ್ಧ ಗಂಟೆಯ ಮೇಲೆ ಬಲಗಡೆಯ ಹೂ ಜಾರಿತು. ಅಮ್ಮ ಪೀಠದ ಅಡಿಗೆ ಬದಲಿಯಾಗಿ ಆರು ಗೋಟಡಿಕೆ ಇಟ್ಟು ಹಿತ್ತಾಳೆಯ ಕಾಲುಗಳನ್ನು ತೆಗೆದುಕೊಟ್ಟರು. ಗೌಡರು ಒಂದೊಂದನ್ನೂ ಕಣ್ಣಿಗೊತ್ತಿಕೊಂಡು, ನೀರೊರೆಸಿ, ತಗಡಿಗೆ ತಿರುಗಿಸಿದರು. ಅವುಗಳ ಮೇಲೆ ಹಲಗೆ ಕೂತಿತು, ಸಣ್ಣ ತಿರುಪು ಸರಿಯಾಗಿ ಹಿಡಿಯಿತು. ಗುಂಡಿ ಒತ್ತಿದ ಕೂಡಲೇ ಒಳಗಿನ ಫ್ಯಾನು ಗುಂಯ್ ಎಂದಿತು, ಪರದೆ ಬೆಳಗಿತು. ಅಮ್ಮ ಪರದೆಗೂ ಕೈಮುಗಿದರು.

ಜಯಂತಿ ಕುರ್ಚಿ ಎಳೆದುಕೊಂಡು ಮೊದಲ ಹಾಳೆಯನ್ನು ಮುಂದಿಟ್ಟುಕೊಂಡಳು. ಎರಡು ಸಾಲು ಹೊಡೆದು ಪರದೆ ನೋಡಿದಳು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿದ್ದವು.

"ರೀ, ಇದರಲ್ಲಿ ಕನ್ನಡ ಎಲ್ಲಿದೆ?"

ಅಂಗಡಿಯವನು ಹಾರ್ಡ್ ಡಿಸ್ಕಿಗೆ ಬೇಕಾದ್ದನ್ನೆಲ್ಲ ತುಂಬಿಸುವಾಗ, "ಇನ್ನೇನಾದ್ರೂ ಹಾಕ್ಬೇಕಾ ಸಾರ್?" ಎಂದು ಕೇಳಿದ್ದ. ನಾನು ಯೋಚಿಸಿ, ಚದುರಂಗದ ಆಟ ಹಾಕಿಸಿಕೊಂಡು ಬಂದಿದ್ದೆ. ಹದಿನೈದು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದ ನನಗೆ ಕನ್ನಡವನ್ನು ಬೇರೆಯಾಗಿ ಹಾಕಿಸಬೇಕೆಂಬುದು ಹೊಳೆದೇ ಇರಲಿಲ್ಲ. ಭಾನುವಾರ ಆ ಅಂಗಡಿಗೆ ರಜೆ. ಚಂದ್ರೇಗೌಡರು ಮೆಲ್ಲಗೆ, "ಬತ್ತೀನಿ ಸಾ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಜಯಂತಿ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಸರೋಜಮ್ಮನವರ ಮನೆಗೆ ಹೋಗಿ ಇನ್‌ಸ್ಟಿಟ್ಯೂಟಿನ ಬೀಗದ ಕೈ ಇಸಿದುಕೊಂಡಳು. ನಾನೂ ಹಿಂದೆ ಹೋದೆ. ಸ್ಮರಣ ಸಂಚಿಕೆಯ ಕೈಬರಹ ಒಬ್ಬೊಬ್ಬರದು ಒಂದೊಂದು ಥರ. ನಾನು ಬೆಂಚಿನ ಮೇಲೆ ಕೂತು ಓದಿ ಹೇಳಿದೆ, ಅವಳು ಅದೇ ಕುಟ್ಟಾಣಿಯಲ್ಲಿ ಹೊಡೆಯುತ್ತಾ ಹೋದಳು. ಆ ಬೆರಳುಗಳ ವೇಗವನ್ನು ನಾನು ಅಲ್ಲಿಯವರೆಗೆ ಕೂತು ನೋಡಿರಲಿಲ್ಲ. ಸಂಜೆಯಾಗುವಷ್ಟರಲ್ಲಿ ಹದಿನೆಂಟು ಪುಟವಾಯಿತು. ಸೋಮವಾರ ನಾನು ರಜೆ ಹಾಕಿದೆ. ಮೂರೂವರೆಗೆ ಕೊನೆಯ ಪುಟ ಮೆಷಿನ್ನಿನಿಂದ ಹೊರಗೆ ಬಂತು. ಅವಳ ಮಾತು ಉಳಿಯಿತು, ನನ್ನ ಎದೆ ಹಗುರಾಯಿತು.

ಕರಡು ತಿದ್ದುವ ಕೆಲಸ ನನ್ನದು. ಕೊನೆಯ ಪುಟ ಕೃತಜ್ಞತೆಯದು. ಅದರ ತಳದಲ್ಲಿ ಕೈಬರಹದಲ್ಲಿ ಇಲ್ಲದ ಒಂದು ಸಾಲಿತ್ತು: 'ಕಂಪ್ಯೂಟರ್ ನೆರವು', ಮುಂದೆ ನನ್ನ ಹೆಸರು. "ಇದೇನೇ ಇದು?" ಎಂದೆ.

"ಸಮಾಜದ ಅಧ್ಯಕ್ಷರನ್ನ ಕೇಳೇ ಹಾಕಿದೀನಿ. ಬುಧವಾರದಿಂದ ಬೆನ್ನು ಬಗ್ಗಿಸಿಕೊಂಡೇ ಇದ್ರಲ್ಲ, ಪಾಪ ಅನ್ನಿಸ್ತು. ಬೇಡ ಅಂದ್ರೆ ಹೊಡೆದುಹಾಕಿ."

ಮೂವತ್ತು ಪುಟದಲ್ಲಿ ಒಂದಕ್ಷರವೂ ಕಂಪ್ಯೂಟರಿನಿಂದ ಬಂದದ್ದಲ್ಲ. ಸುಳ್ಳನ್ನು ಹೊಡೆದುಹಾಕುವುದು ಕರಡು ತಿದ್ದುವವನ ಕರ್ತವ್ಯ. ಕೆಂಪು ಪೆನ್ನು ಕೈಯಲ್ಲೇ ಇತ್ತು. ಹೆಸರಿನ ಮೊದಲು 'ಶ್ರೀ' ಬಿಟ್ಟುಹೋಗಿತ್ತು; ಅದೊಂದನ್ನು ಸೇರಿಸಿ, ಹಾಳೆಯನ್ನು ಪ್ರೆಸ್ಸಿಗೆ ಕಳಿಸಿದೆ.