ಗುಂಡುಕಲ್ಲಿಗೆ ಜೋಜೋ

"ನೋಡ್ತಾ ಇರಿ ಅತ್ತಿಗೆ, ಇನ್ಮೇಲೆ ನಿಮ್ಮ ಮಗಳು ಬೀಳೋದುಂಟಾ? ಬೀಳೋಕೆ ಇದು ಬಿಟ್ರೆ ತಾನೇ!"

ಮೌಳಿ ಹೊದಿಸಿದ್ದ ದುಪ್ಪಟಿಯನ್ನು ಸರ್ರನೆ ಎಳೆದ. ವೈದೇಹಿ ಒಂದು ಹೆಜ್ಜೆ ಹಿಂದೆ ಸರಿದಳು. ನಡುಮನೆಯಲ್ಲಿ ನಿಂತಿದ್ದದ್ದು ರಂಜುವಿನ ಅದೇ ಕಂಬಿಯ ತೊಟ್ಟಿಲು. ಆದರೆ ಈಗ ಅದಕ್ಕೆ ಹತ್ತಿ ತುಂಬಿದ ಎರಡು ಉದ್ದನೆಯ ತೋಳು, ಹೊಲಿಗೆ ಮೆಷಿನ್ನಿನ ಮೋಟಾರು, ತಲೆಯ ಕಡೆ ಟೇಪ್ ರೆಕಾರ್ಡರು, ಅಡಿಯಲ್ಲಿ ನಾಲ್ಕು ಚಕ್ರ!

ಇದು ಮೂವತ್ತು ವರ್ಷದ ಹಿಂದಿನ ಮಾತು, ಅರಸೀಕೆರೆಯಲ್ಲಿ ನಡೆದದ್ದು. ಮೌಳಿ ವೈದೇಹಿಯ ಮೈದುನ, ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅಣ್ಣ ಗೂಡ್ಸ್ ಗಾಡಿಯ ಗಾರ್ಡು. ಮನೆಗಿಂತ ಹಳಿಯ ಮೇಲಿದ್ದದ್ದೇ ಹೆಚ್ಚು. ಒಂದೂವರೆ ವರ್ಷದ ರಂಜು ಒಂದು ಕಡೆ ನಿಲ್ಲುವ ಜಾತಿಯಲ್ಲ. ಮಧ್ಯಾಹ್ನ ಮಲಗಿಸಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಂಬಿ ಹತ್ತಿ ಧೊಪ್ಪನೆ ಆಚೆ! ಒಂದೇ ವಾರದಲ್ಲಿ ಹಣೆಯ ಮೇಲೆ ಮೂರು ಬುಗುಟು. ಅತ್ತೆ ಅಚ್ಚಮ್ಮನಿಗೆ ಮಂಡಿನೋವು, ಮಗುವಿನ ಹಿಂದೆ ಓಡಲಾರರು. ವೈದೇಹಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಸೋಮವಾರಕ್ಕೆ ರಜೆ ಮುಗಿಯುತ್ತಿತ್ತು. ಮಗು ತೊಟ್ಟಿಲಲ್ಲಿ ನಿಲ್ಲದಿದ್ದರೆ ಕೆಲಸ ಬಿಡುವುದೊಂದೇ ದಾರಿ ಎಂದು ಅವಳು ರಾಜೀನಾಮೆ ಪತ್ರ ಬರೆದು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದಳು. ಬರೆಯುವಾಗ ಅತ್ತಿದ್ದಳು ಕೂಡ.

"ಇದರೊಳಗೆ ನೆನಪಿನ ಪೆಟ್ಟಿಗೆ ಇದೆ," ಮೌಳಿ ಎದೆ ಉಬ್ಬಿಸಿದ. "ಮೊದಲು ಮಲಗಿಸಿದ ಮಗೂನ ಒಂದು ಸಲ ಮುಟ್ಟಿ ನೋಡಿದ್ರೆ ಮುಗೀತು, ಜನ್ಮದಲ್ಲಿ ಮರೆಯಲ್ಲ. ಎದ್ರೆ ಮಲಗಿಸುತ್ತೆ, ಕಳೆದುಹೋದ್ರೆ ಹುಡುಕುತ್ತೆ, ಬೆಕ್ಕುಗಿಕ್ಕು ಹತ್ತಿದ್ರೆ ಎತ್ತಿ ಆಚೆ ಇಡುತ್ತೆ! ಅಮ್ಮನ ದನೀನೇ ತುಂಬಿಸಿದೀನಿ. ತೂಗ್ಲಾ?"

"ಅಯ್ಯೋ ನಿಲ್ಲೋ ಮುಂಡೇದೇ!" ಅಡುಗೆಮನೆಯಿಂದ ಅಚ್ಚಮ್ಮ ಕೂಗಿದರು. "ಖಾಲಿ ತೊಟ್ಟಿಲು ತೂಗ್ತಾರೇನೋ ಯಾರಾದ್ರೂ? ಮಗೂಗೆ ಆಗಿಬರಲ್ಲ!"

ನಾಮಕರಣದ ದಿನ ಮಾಡಿದ ಹಾಗೇ ಈಗಲೂ ಆಗಬೇಕು ಎಂದು ಹಠ ಹಿಡಿದರು. ಒರಳಿನ ಗುಂಡುಕಲ್ಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಅದಕ್ಕೆ ರಂಜುವಿನ ಕುಲಾವಿ ತೊಡಿಸಿ, ವೈದೇಹಿಯ ಕೈಯಲ್ಲಿ ತೊಟ್ಟಿಲಲ್ಲಿ ಮಲಗಿಸಿದರು.

"ಹ್ಞೂ, ಈಗ ತೂಗು."

ಮೌಳಿ ಗುಂಡಿ ಒತ್ತಿದ. ಹತ್ತಿಯ ತೋಳು ಮೆಲ್ಲಗೆ ಇಳಿದು ಕಲ್ಲನ್ನು ತಲೆಯಿಂದ ಬುಡದವರೆಗೆ ಸವರಿತು. ಹಸಿರು ದೀಪ ಹತ್ತಿತು. "ಜೋ ಜೋ ನನ್ನ ಬಂಗಾರಿ, ಜೋ ಜೋ..." ಟೇಪಿನಿಂದ ಅಚ್ಚಮ್ಮನ ದನಿ ಹೊರಟಿತು. ಅಚ್ಚಮ್ಮ ನಾಚಿ ಸೆರಗು ಬಾಯಿಗೆ ಹಿಡಿದರು.

"ಶಾಸ್ತ್ರ ಆಯ್ತಲ್ಲ," ಎನ್ನುತ್ತಾ ವೈದೇಹಿ ಕಲ್ಲನ್ನು ಎತ್ತಿ ನೆಲಕ್ಕಿಟ್ಟು ರಂಜುವನ್ನು ಮಲಗಿಸಿದಳು.

ಕೆಂಪು ದೀಪ! ತೋಳುಗಳು ರಂಜುವನ್ನು ಹೂವಿನಂತೆ ಎತ್ತಿ ಚಾಪೆಯ ಮೇಲೆ ಕೂರಿಸಿದವು. ಆಮೇಲೆ ನೆಲದ ಮೇಲಿದ್ದ ಕಲ್ಲನ್ನು ಎತ್ತಿಕೊಂಡು, ಕುಲಾವಿ ಸರಿಮಾಡಿ, ತೊಟ್ಟಿಲಿಗೆ ಹಾಕಿ ತೂಗತೊಡಗಿದವು.

"ಮೌಳೀ! ಏನೋ ಇದು? ನನ್ನ ಮಗೂನ ಬೆಕ್ಕು ಅಂದ್ಕೊಂಡಿದೆ!"

ಮೌಳಿಯ ಮುಖ ಪೆಚ್ಚಾಯಿತು. "ಮೊದಲು ಮಲಗಿಸಿದ್ದು ಕಲ್ಲಲ್ವಾ ಅತ್ತಿಗೆ... ಅದನ್ನೇ ಮಗು ಅಂತ ನೆನಪಿಟ್ಕೊಂಡುಬಿಟ್ಟಿದೆ."

"ಅಳಿಸು ಮತ್ತೆ!"

"ಅಳಿಸೋ ಗುಂಡಿ ಇಟ್ಟಿಲ್ಲ. ಯಾವ ತಾಯಿಗಾದ್ರೂ ಮಗೂನ ಮರೆಯೋ ಗುಂಡಿ ಇರುತ್ತಾ, ನೀವೇ ಹೇಳಿ?"

ಶನಿವಾರ ಕಲ್ಲನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟರು. ತೊಟ್ಟಿಲು ಗಡಗಡ ಉರುಳಿಕೊಂಡು ಹೋಗಿ, "ಎಲ್ಲಿ ನನ್ನ ಬಂಗಾರಿ?" ಎಂದು ಅಚ್ಚಮ್ಮನ ದನಿಯಲ್ಲಿ ಕೇಳುತ್ತಾ ಹಿಟ್ಟಿನ ಡಬ್ಬ, ಮೆಣಸಿನಕಾಯಿ ಡಬ್ಬ ಎಲ್ಲ ಕೆಡವಿ ಹುಡುಕಿತು. ಪ್ಲಗ್ ಕಿತ್ತರೆ ಬ್ಯಾಟರಿಯ ಮೇಲೆ ಓಡಿತು! ಕೊನೆಗೆ ಮೌಳಿ ಕಲ್ಲನ್ನು ಎದುರುಮನೆ ಪುಟ್ಟತಾಯಮ್ಮನ ಹಿತ್ತಿಲಲ್ಲಿ ಇಟ್ಟು ಬಂದ. ತೊಟ್ಟಿಲು ಬೀದಿಗಿಳಿಯಿತು. "ಎಲ್ಲಿ ನನ್ನ ಬಂಗಾರಿ? ಎಲ್ಲಿ ನನ್ನ ಬಂಗಾರಿ?"

ಪುಟ್ಟತಾಯಮ್ಮ ಎದೆ ಬಡಿದುಕೊಳ್ಳುತ್ತಾ ಓಡಿ ಬಂದರು. "ಅಚ್ಚಮ್ಮೋರೇ, ಮಗು ಕಳೆದೋಯ್ತಾ?"

"ಮಗು ಇಲ್ಲೇ ಇದೆ ಕಣೇ, ಕಳೆದಿರೋದು ಗುಂಡುಕಲ್ಲು!" ಅಚ್ಚಮ್ಮ ಬಾಗಿಲಲ್ಲೇ ಕೂಗಿದರು.

ಅಷ್ಟರಲ್ಲಿ ತೊಟ್ಟಿಲು ಆ ಮನೆಯವರ ಗುಂಡುಕಲ್ಲನ್ನೂ ಸವರಿ ನೋಡಿ, ಇದು ನನ್ನದಲ್ಲ ಎಂಬಂತೆ ಅಲ್ಲೇ ಬಿಟ್ಟು, ತನ್ನದನ್ನು ಮಾತ್ರ ಎತ್ತಿಕೊಂಡು ಹೊರಟಿತ್ತು.

ಭಾನುವಾರ ಮಧ್ಯಾಹ್ನ ವೈದೇಹಿ ಅಕ್ಕಿ ಡಬ್ಬ ಸರಿಸಿ ಪತ್ರ ತೆಗೆದಳು. ಎಕ್ಸ್‌ಚೇಂಜಿನ ಗೆಳತಿಯರು, ಕಿವಿಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನು, ಊರೂರಿನ ದನಿಗಳು ಎಲ್ಲ ನೆನಪಾದವು. ಸಹಿ ಹಾಕಲು ಪೆನ್ನು ತೆಗೆದವಳಿಗೆ ಒಮ್ಮೆಲೇ ಹೊಳೆಯಿತು: ಮನೆಯಲ್ಲಿ ಸದ್ದೇ ಇಲ್ಲ! ರಂಜು ಎಲ್ಲಿ?

ನಡುಮನೆಗೆ ಓಡಿದಳು. ರಂಜು ನೆಲದ ಹಾಸಿಗೆಯ ಮೇಲೆ, ತೊಟ್ಟಿಲಿನ ಪಕ್ಕದಲ್ಲೇ ಇದ್ದಳು. ಎದ್ದು ಕಂಬಿಗೆ ಕೈಹಾಕಿದಳು. "ಶ್! ಮಗು ಮಲಗಿದೆ," ಎಂದಿತು ಅಜ್ಜಿಯ ದನಿ, ಹತ್ತಿಯ ತೋಳು ಅವಳನ್ನು ಎತ್ತಿ ಹಾಸಿಗೆಯ ಮೇಲೆ ಇಟ್ಟಿತು. ರಂಜು ಕಿಲಕಿಲ ನಕ್ಕು ಮತ್ತೆ ಎದ್ದಳು. ಮತ್ತೆ "ಶ್!" ಆರನೆಯ ಸಲಕ್ಕೆ ಆಕಳಿಸಿದಳು. ಏಳನೆಯ ಸಲ ಏಳಲೇ ಇಲ್ಲ. ಮೇಲೆ ಗುಂಡುಕಲ್ಲಿಗೆ ಜೋಜೋ, ಕೆಳಗೆ ರಂಜುವಿಗೆ ನಿದ್ದೆ!

"ನೆಲದ ಮೇಲಿರೋರು ಎಲ್ಲಿಗೆ ಬೀಳ್ತಾರೆ ಹೇಳು?" ಅಚ್ಚಮ್ಮ ಪಿಸುಗುಟ್ಟಿದರು. "ನೀನು ನಾಳೆ ಕೆಲಸಕ್ಕೆ ಹೋಗು ತಾಯಿ. ನಾನಿದೀನಿ, ಅದೂ ಇದೆ."

ವೈದೇಹಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಉರುಳದ ಹಾಗೆ ತೊಟ್ಟಿಲಿನ ಚಕ್ರದ ಅಡಿಗೆ ತುರುಕಿದಳು. ದೋಸೆಹಿಟ್ಟು ರುಬ್ಬಲು ಅಚ್ಚಮ್ಮ ವರ್ಷವಿಡೀ ಎದುರುಮನೆಗೆ ಹೋದರು.

ಅಚ್ಚಮ್ಮ ತೀರಿಕೊಂಡು ಈಗ ಹನ್ನೆರಡು ವರ್ಷ. ಮೊನ್ನೆ ರಂಜು ಹನ್ನೊಂದು ತಿಂಗಳ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನೂ ತಾಯಿಯ ಹಾಗೇ, ಕಂಬಿ ಕಂಡರೆ ಹತ್ತುವವನು. ತಂದಿದ್ದ ಹೊಸ ತೊಟ್ಟಿಲಿನಿಂದ ಎರಡು ಸಲ ಬಿದ್ದ. ವೈದೇಹಿ ನೆಲಕ್ಕೆ ಹಾಸಿಗೆ ಹಾಸಿದಳು. ನೆರೆತ ತಲೆಯ ಮೌಳಿ ಅಟ್ಟದಿಂದ ಹಳೆಯದನ್ನು ಇಳಿಸಿ, ಬ್ಯಾಟರಿ ಹಾಕಿ, ಕಲ್ಲು ಮಲಗಿಸಿದ. ಹಸಿರು ದೀಪ ಹತ್ತಿತು.

"ಜೋ ಜೋ ನನ್ನ ಬಂಗಾರಿ, ಜೋ ಜೋ..."

ಟೇಪು ಸವೆದು ದನಿ ಸ್ವಲ್ಪ ಎಳೆಯುತ್ತಿತ್ತು, ಆದರೂ ಅತ್ತೆಯದೇ. ವೈದೇಹಿ ಅಡುಗೆಮನೆಯ ಕಡೆ ತಿರುಗಿ ನೋಡಿಯೇಬಿಟ್ಟಳು. ಅಲ್ಲಿ ಯಾರೂ ಇರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ. ಕೆಳಗೆ ಮೊಮ್ಮಗ ಬಾಯಿ ತೆರೆದು ನಿದ್ದೆ ಹೋಗಿದ್ದ.

ಮೌಳಿ ಕನ್ನಡಕ ಸರಿಮಾಡಿಕೊಂಡು ಹೇಳಿದ: "ನಾನು ಅವತ್ತೇ ಹೇಳಿರ್ಲಿಲ್ವಾ ಅತ್ತಿಗೆ? ಮೂವತ್ತು ವರ್ಷದಲ್ಲಿ ಅದರೊಳಗಿನ ಮಗು ಒಂದೇ ಒಂದು ಸಲಾನೂ ಬಿದ್ದಿಲ್ಲ."