ಗುಬ್ಬಿ ಟೆಂಟಿನ ಬ್ರಹ್ಮಚಾರಿ

ನಾನು ಅಜ್ಜಿಯಾದೆ! ನಿನ್ನೆ ಕೋಳಿ ಕೂಗುವ ಹೊತ್ತಿಗೆ ನಮ್ಮ ಮಗಳಿಗೆ ಹೆಣ್ಣುಮಗು ಹುಟ್ಟಿತು. ತಲೆತುಂಬ ಕೂದಲು. ಗಂಟಲು ಮಾತ್ರ ಗುಬ್ಬಿ ಬಸ್‌ಸ್ಟ್ಯಾಂಡಿನ ಏಜೆಂಟನದು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಸಕ್ಕರೆ ಕೊಟ್ಟೆ. ಒಬ್ಬ ಸೈಕಲ್ಲಿನಿಂದ ಇಳಿಯದೆಯೇ ಬಾಯಿ ತೆರೆದ, ಅವನಿಗೂ ಹಾಕಿದೆ.

ಇಷ್ಟು ಸಂತೋಷದ ನಡುವೆ ನನಗಿದ್ದದ್ದು ಒಂದೇ ಭಯ. ಮಗು ನೋಡಲು ಕುಣಿಗಲ್ಲಿನಿಂದ ಬರುವ ಬೀಗರು ನಮ್ಮ ಮನೆಯಲ್ಲಿ ಊಟ ಮಾಡುತ್ತಾರೋ ಇಲ್ಲವೋ? ಮಗಳ ಮದುವೆಯಾದಾಗಿನಿಂದ ಮಾಡಿಲ್ಲ. ಕಾರಣ ನಮ್ಮ ಯಜಮಾನರು. ಅವರಿಬ್ಬರ ನಡುವೆ ಜಗಳ ತಂದವನು ಯಾರು ಗೊತ್ತೇ? ಇಂಗ್ಲಿಷ್ ಸಿನಿಮಾದ ಗೂಢಚಾರ!

ನಮ್ಮ ಯಜಮಾನರು ಕೊಬ್ಬರಿ ವ್ಯಾಪಾರದವರು. ಬೀಡಿಯಿಲ್ಲ, ಇಸ್ಪೀಟಿಲ್ಲ. ಆದರೆ ಗುಬ್ಬಿ ಟೆಂಟಿಗೆ ಆ ಗೂಢಚಾರನ ಪಿಕ್ಚರ್ ಬಂತೆಂದರೆ ಮುಗಿಯಿತು, ಕೊಬ್ಬರಿಯನ್ನು ಇಲಿ ತಿಂದರೂ ಗಮನವಿಲ್ಲ. ಪಾತ್ರ ಒಂದೇ, ಸಿನಿಮಾ ಮೇಲೆ ಸಿನಿಮಾ. ನಡುವೆ ನಟ ಮಾತ್ರ ಬದಲಾದ. ಮೊದಲನೆಯ ನಟ ಯಜಮಾನರಿಗೆ ದೇವರು. ಯಾಕೆಂದು ಕೇಳಿದರೆ, "ಅವ್ನು ಬ್ರಹ್ಮಚಾರಿ ಕಣೇ. ಎಂಥೆಂಥ ಹುಡ್ಗೀರು ಹತ್ರ ಬಂದ್ರೂ ಮುಟ್ಟಲ್ಲ. ಆಂಜನೇಯನ ಅಂಶ!" ಎನ್ನುತ್ತಿದ್ದರು.

ನಾನೂ ಜೊತೆಗೆ ಹೋಗಿ ನೋಡಿದ್ದೇನೆ. ಹುಡುಗಿ ಹತ್ತಿರ ಬರುತ್ತಿದ್ದಳು. ಅಷ್ಟರಲ್ಲಿ ಪರದೆ ಕತ್ತಲಾಗುತ್ತಿತ್ತು. "ಥೂ, ಹಾಳಾದ್ ಕರೆಂಟು!" ಎಂದು ಇಡೀ ಟೆಂಟು ಬಯ್ಯುತ್ತಿತ್ತು. ಕರೆಂಟು ಹೋದರೂ ಪಿಟೀಲು ಮಾತ್ರ ಕೇಳಿಸುತ್ತಲೇ ಇತ್ತು. ಅದು ಹೇಗೆಂದು ಯಾರೂ ಕೇಳಲಿಲ್ಲ. ಬೆಳಕು ಬರುವಷ್ಟರಲ್ಲಿ ಹೀರೋ ಟೈ ಸರಿಮಾಡಿಕೊಂಡು ಕೆಲಸಕ್ಕೆ ಹೊರಟಿರುತ್ತಿದ್ದ.

ಬೀಗರು ಹಿಂದೆ ತುಮಕೂರಿನ ವರ್ಕ್‌ಶಾಪೊಂದರಲ್ಲಿದ್ದವರು, ಅಲ್ಲಿನ ಟಾಕೀಸಿನಲ್ಲಿ ಅವೇ ಪಿಕ್ಚರ್ ನೋಡಿದವರು. ಅವರದು ಎರಡನೆಯ ನಟನ ಪಕ್ಷ. ಇಬ್ಬರಿಗೂ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ವಾದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಮದುವೆ ಮುಗಿದು ನಮ್ಮಲ್ಲಿ ಬೀಗರೂಟ. ಎಲೆಗೆ ಮುದ್ದೆ ಬಿದ್ದಿದೆ, ಮಟನ್ ಸಾರು ಬರುತ್ತಿದೆ. ಬೀಗರು ಶುರುಮಾಡಿದರು: "ಏನೇ ಹೇಳಿ ಬೀಗ್ರೆ, ಎರಡನೆಯೋನ ಸ್ಟೈಲೇ ಸ್ಟೈಲು. ಸಮುದ್ರಕ್ಕೆ ಬಿದ್ದು ಎದ್ರೂ ಕ್ರಾಪು ಅಲ್ಲಾಡಲ್ಲ."

"ಕ್ರಾಪು ನೋಡಕೆ ಸಿನಿಮಾಕ್ಕೆ ಯಾಕ್ ಹೋಗ್ಬೇಕು? ಕಟಿಂಗ್ ಶಾಪಿನ ಬೋರ್ಡ್ ಸಾಲ್ದಾ? ನಮ್ಮೋನು ಬ್ರಹ್ಮಚಾರಿ!" ಎಂದರು ಯಜಮಾನರು.

ಬೀಗರು ನಕ್ಕುಬಿಟ್ಟರು. "ಬ್ರಹ್ಮಚಾರಿನಾ! ಒಂದೊಂದ್ ಪಿಕ್ಚರಿಗೆ ಮೂರು ಜನ ಹುಡ್ಗೀರು ಅವ್ನಿಗೆ. ಕಣ್ಣಾರೆ ನೋಡಿವ್ನಿ."

"ಇಂಥ ಸುಳ್ಳುಗಾರರ ಮನೆಗೆ ಹೆಣ್ಣು ಕೊಟ್ನಲ್ಲಪ್ಪ!"

ಬೀಗರು ಎಲೆ ಮಡಚಿ ಎದ್ದರು. ಆಮೇಲೆ ಮಗಳು ತವರಿಗೆ ಬಂದಿದ್ದಾಗ ನೋಡಲು ಬಂದರೂ ಜಗಲಿಯಲ್ಲೇ ಕೂತು, ಸೊಸೆಯನ್ನು ಮಾತಾಡಿಸಿ, ನೀರೂ ಮುಟ್ಟದೆ ಬಸ್ ಹತ್ತುತ್ತಿದ್ದರು. ಊಟಕ್ಕೆ ಕರೆದರೆ, "ಸುಳ್ಳುಗಾರನಿಗೆ ಯಾಕ್ ತಾಯಿ ಊಟ?" ಎನ್ನುತ್ತಿದ್ದರು.

ಹೋದ ವರ್ಷ ಆ ಮೊದಲನೆಯ ನಟನದೇ ಒಂದು ಹಳೇ ಪಿಕ್ಚರ್ ತುಮಕೂರಿಗೆ ಮತ್ತೆ ಬಂತು. ಬೀಗರ ಸುಳ್ಳು ಬಯಲು ಮಾಡಲು ಯಜಮಾನರು ಇಸ್ತ್ರಿ ಪಂಚೆ ಉಟ್ಟು ಹೋದರು. ಸಂಜೆ ಬಂದವರು ಮಣ್ಣಿಗೆ ಹೋಗಿಬಂದವರ ಹಾಗೆ ಹಿತ್ತಲಲ್ಲೇ ತಲೆಗೆ ನೀರು ಹುಯ್ದುಕೊಂಡರು.

"ಏನಾಯ್ತುರೀ?" ಎಂದೆ.

"ಕರೆಂಟು ಹೋಗ್ಲೇ ಇಲ್ಲ ಕಣೇ."

ಮುಂದಿನ ಸಂತೆಯಲ್ಲಿ ಟೆಂಟಿನ ಹಳೇ ಆಪರೇಟರನನ್ನು ಹಿಡಿದು ವಿಚಾರಿಸಿದರಂತೆ. "ಹೆಂಗಸ್ರು ಮಕ್ಳು ಕೂತಿರ್ತಾರಲ್ಲ ಸ್ವಾಮಿ, ಆ ಸೀನ್ ಬಂದಾಗ ಮಿಷನ್ ಮುಂದೆ ಅಂಗೈ ಅಡ್ಡ ಹಿಡೀತಿದ್ದೆ," ಎಂದನಂತೆ ಅವನು. ಇಷ್ಟು ವರ್ಷ ಯಜಮಾನರು ಕೈಮುಗಿದದ್ದು ಆಪರೇಟರನ ಅಂಗೈಗೆ!

ನಿಜ ತಿಳಿದ ಮೇಲಾದರೂ ಬೀಗರಿಗೆ ಹೇಳಿದರೇ? ಎಲ್ಲಿ! ಮೀಸೆ ಅಡ್ಡ ಬಂತು.

ನಿನ್ನೆ ಮಧ್ಯಾಹ್ನ ಮಗಳು ಅಪ್ಪನನ್ನು ಕೋಣೆ ಬಾಗಿಲಿಗೆ ಕರೆದಳು. "ಅಪ್ಪ, ಮಾವ ನನ್ ಮಗೀನ ನೋಡಿ ಇವತ್ತೂ ಹಸ್ಕೊಂಡೇ ಹೋಗ್ಬೇಕಾ?" ಎಂದಳು. ಯಜಮಾನರು ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದರು.

ಬೀಗರು ಅಳಿಯನ ಜೊತೆ ಬಂದರು. ಮೊಮ್ಮಗಳನ್ನು ಎತ್ತಿಕೊಂಡು, ಇಳಿಸಲು ಮನಸ್ಸಿಲ್ಲದೆ ಕೂತರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಟವೆಲ್ ಹೆಗಲಿಗೆ ಹಾಕಿ, "ಬರ್ತೀನಿ ತಾಯಿ, ಬಸ್ಸೈತೆ," ಎಂದು ಎದ್ದರು.

ಯಜಮಾನರು ಬಾಗಿಲಿಗೆ ಅಡ್ಡ ನಿಂತರು. "ಬೀಗ್ರೆ, ಮೂರಲ್ಲ. ನಾಲ್ಕು."

"ಏನು ನಾಲ್ಕು?"

"ಹುಡ್ಗೀರು. ತುಮಕೂರಿಗೆ ಹೋಗಿ ನೋಡ್ಕೊಂಡ್ ಬಂದೆ. ನೀವು ಸುಳ್ಳು ಹೇಳಿರ್ಲಿಲ್ಲ. ನಾನೇ ಬಾಯಿಗೆ ಬಂದಂಗೆ ಅಂದ್ಬುಟ್ಟೆ."

ಬೀಗರು ಹೆಗಲ ಟವೆಲ್ ತೆಗೆದು ಗೂಟಕ್ಕೆ ಹಾಕಿದರು. ಆಮೇಲೆ, "ಹೊಡೆದಾಟದಲ್ಲಿ ಮಾತ್ರ ನಿಮ್ಮೋನೇ ವಾಸಿ ಬುಡಿ. ನಮ್ಮೋನು ಹೊಡೆದ್ರೆ ಸೊಳ್ಳೆನೂ ಸಾಯಲ್ಲ," ಎಂದು ಕೈ ತೊಳೆಯಲು ಹಿತ್ತಲಿಗೆ ನಡೆದರು.

ನಡುಮನೆಯಲ್ಲಿ ಎಲ್ಲರೂ ಕೂತೆವು. ಕೋಣೆಯ ಹೊಸ್ತಿಲ ಆಚೆಗೆ ಮಗಳು, ಮಡಿಲಲ್ಲಿ ಮಗು, ಮುಂದೆ ತುಪ್ಪದನ್ನ. ಮುದ್ದೆ ಬಡಿಸುವಷ್ಟರಲ್ಲೇ ತಾತಂದಿರಿಬ್ಬರೂ ಮುಂದಿನ ಪಿಕ್ಚರಿಗೆ ಯಾರನ್ನು ಹಾಕಬೇಕೆಂದು ದನಿ ಏರಿಸಿದ್ದರು. ಮುದ್ದೆ ಆರುತ್ತಿತ್ತು. ನಾನು ಮುದ್ದೆ ಮುಟ್ಟಲಿಲ್ಲ. ಮಗಳೂ ಅನ್ನ ಮುಟ್ಟದೆ ಮಾವನ ಕೈಯನ್ನೇ ನೋಡುತ್ತಿದ್ದಳು.

ಬೀಗರು ವಾದಿಸುತ್ತಲೇ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿದರು.

ಆಗ ಮಗಳು ತನ್ನ ತಟ್ಟೆಗೆ ಕೈಯಿಟ್ಟಳು. ನಾವೆಲ್ಲರೂ ಉಂಡೆವು.