ಗೆರೆಗೊಂದು ತಲೆಕಟ್ಟು

ತಮ್ಮ ಅಕ್ಷರವನ್ನು ಈ ಮೈಸೂರಿನಲ್ಲಿ ಓದುವ ಒಂದು ನರಪಿಳ್ಳೆಯೂ ಇಲ್ಲ ಎಂಬ ಕೊರಗು ಹಿನಕಲ್ಲಿನ ನಂಜುಂಡಸ್ವಾಮಿಯವರಿಗೆ ಇಂದು ನಿನ್ನೆಯದಲ್ಲ. ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಊರವರ ಲಗ್ನಪತ್ರಿಕೆ ಜೋಡಿಸಿ ನಿವೃತ್ತರಾದ ಮೇಲೆ, ಕಂಪ್ಯೂಟರ್ ಮುಂದೆ ನಾಲ್ಕು ವರ್ಷ ತಪಸ್ಸಿಗೆ ಕೂತು ಕನ್ನಡಕ್ಕೊಂದು ಹೊಸ ಫಾಂಟ್ ದಯಪಾಲಿಸಿದ್ದರು. ಅದು ಈ ಭೂಮಂಡಲದಲ್ಲಿ ಬಳಕೆಯಾದದ್ದು ಒಂದೇ ಕಡೆ: ಎದುರುಮನೆ ಚಂದ್ರಮೌಳಿಯವರ ಗೇಟಿನ ಮೇಲೆ, ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ ಎಂಬ ಬೋರ್ಡಿನಲ್ಲಿ. ಅದರ ಕೆಳಗೆ ದಿನವೂ ನಾಲ್ಕು ಸ್ಕೂಟರ್ ನಿಂತಿರುತ್ತಿದ್ದವು. (ಭಾನುವಾರ ಐದು.)

ಹೆಂಡತಿ ಮಂಗಳಮ್ಮನವರ ಅದೃಷ್ಟವೇ ಬೇರೆ. ಅವರ ಹುಚ್ಚೆಳ್ಳು ಚಟ್ನಿಪುಡಿಯ ಘಮ ಬೀದಿ ದಾಟಿ, ಹಿನಕಲ್ ದಾಟಿ, ಗೋಕುಲಂನ ಒಂದು ದೊಡ್ಡ ಅಂಗಡಿಯ ಮ್ಯಾನೇಜರ್ ಸುನಿಲ್‌ನ ಮೂಗಿಗೆ ಮುಟ್ಟಿತ್ತು.

"ಸೋಮವಾರ ಹತ್ತು ಗಂಟೆಗೆ ಇನ್ನೂರು ಪ್ಯಾಕೆಟ್ ತನ್ನಿ ಅಮ್ಮ. ಕಣ್ಣಿಗೆ ಬೀಳೋ ಜಾಗದಲ್ಲೇ ಇಡಿಸ್ತೀನಿ. ಆದ್ರೆ ಬಾರ್‌ಕೋಡ್ ಇರ್ಲೇಬೇಕು. ಬಿಲ್ ಹಾಕೋಕೆ ಆಗ್ಲಿಲ್ಲ ಅಂದ್ರೆ ಆ ಜಾಗ ಕಡಕೊಳದ ಫ್ಯಾಕ್ಟರಿ ಪುಡಿಗೆ ಹೋಗ್ಬುಡುತ್ತೆ" ಎಂದವನೇ ಅದಕ್ಕೆ ಬೇಕಾದ ಏಳಂಕಿಯ ನಂಬರೊಂದನ್ನು ವಾಟ್ಸಾಪ್ ಮಾಡಿದ್ದ.

"ರೀ, ಈ ಗೆರೆಗೆರೆ ಸ್ಟಿಕ್ಕರ್ ಯಾರ ಹತ್ರ ಮಾಡಿಸೋದು?" ಎಂದರು ಮಂಗಳಮ್ಮ.

"ಯಾರ ಹತ್ರ? ಮನೇಲಿ ಅಕ್ಷರಬ್ರಹ್ಮನ್ನ ಇಟ್ಕೊಂಡು ಯಾರ ಹತ್ರ ಅಂತ ಕೇಳ್ತೀಯಲ್ಲೇ! ಬಾರ್‌ಕೋಡೂ ಒಂದು ಫಾಂಟೇ ಕಣೇ. ನಾಲ್ಕು ಒತ್ತಿದ್ರೆ ನಾಲ್ಕರ ಬದ್ಲು ಗೆರೆ ಬೀಳುತ್ತೆ, ಅಷ್ಟೇ."

"ಅಷ್ಟೇನಾ? ಹಂಗಾದ್ರೆ ಒತ್ಬುಡಿ."

ಒತ್ತಿ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಅಂಥ ಫಾಂಟ್ ಸಿಕ್ಕಿತು. ನಂಬರ್ ಒತ್ತಿದರು. ಮೊದಲಿಗೊಂದು ಕೊನೆಗೊಂದು ನಕ್ಷತ್ರ ಚಿಹ್ನೆ ಹಾಕಬೇಕೆಂದಿತ್ತು, ಅದನ್ನೂ ಹಾಕಿದರು. (ಜಾತಕದಲ್ಲಿ ಒಂದೂ ನೆಟ್ಟಗಿಲ್ಲದವರಿಗೆ ಇಲ್ಲಿ ಎರಡೆರಡು ನಕ್ಷತ್ರ!) ಗೆರೆಗಳು ಸಾಲಾಗಿ ಬಂದು ನಿಂತವು. ನಂಜುಂಡಸ್ವಾಮಿಯವರು ಕನ್ನಡಕ ಒರೆಸಿಕೊಂಡು ನೋಡಿದವರೇ ಹಣೆ ಚಚ್ಚಿಕೊಂಡರು.

"ಏನಾಯ್ತ್ರೀ?"

"ಇದನ್ನ ಮಾಡಿದವನಿಗೆ ಕಣ್ಣೇ ಇಲ್ಲ ಕಣೇ! ಇಲ್ನೋಡು, ಎರಡು ಗೆರೆ ಮಧ್ಯೆ ಎಮ್ಮೆ ನುಗ್ಗೋ ಅಷ್ಟು ಜಾಗ. ಅಲ್ನೋಡು, ಇರುವೆಗೂ ದಾರಿ ಇಲ್ಲ. ಮೂವತ್ತು ವರ್ಷ ಅಕ್ಷರಗಳ ನಡುವಿನ ಜಾಗ ಸರಿ ಮಾಡಿದ ಕೈ ಇದು. ಹಿಂಗೇ ಬಿಟ್ರೆ ಪಾಪ ಬರುತ್ತೆ."

"ಅದು ಹಂಗೇ ಇರ್ಬೇಕೇನೋ. ಇದ್ದಂಗೆ ಹಾಕ್ರೀ."

"ನಿಂಗೆ ಪುಡಿ ಗೊತ್ತು, ನಂಗೆ ಗೆರೆ ಗೊತ್ತು. ಸುಮ್ನಿರು."

ಶುಕ್ರವಾರ, ಶನಿವಾರ ಎರಡು ದಿನ ಆ ಫಾಂಟಿನ ಜೀರ್ಣೋದ್ಧಾರ ನಡೆಯಿತು. ಗೆರೆಗಳ ನಡುವಿನ ಸಂದುಗಳನ್ನೆಲ್ಲ ಅಳೆದು ಒಂದೇ ಸಮ ಮಾಡಿದರು. ಬೋಳುಬೋಳಾಗಿ ನಿಂತಿದ್ದ ಪ್ರತಿ ಗೆರೆಯ ನೆತ್ತಿಗೂ, ಕನ್ನಡದ ಅಕ್ಷರಗಳಿಗಿರುವಂತೆ, ಒಂದು ಪುಟ್ಟ ತಲೆಕಟ್ಟು ಇಟ್ಟರು. ಕೆಳಗೆ ಸಣ್ಣದಾಗಿ ಅಚ್ಚಾಗುತ್ತಿದ್ದ ನಂಬರನ್ನು ಕಿತ್ತೇ ಹಾಕಿದರು.

"ಅಯ್ಯೋ, ನಂಬರ್ ಯಾಕ್ರೀ ತೆಗೆದ್ರಿ?"

"ಆನೆ ಚಿತ್ರ ಬರೆದು ಕೆಳಗೆ ‘ಆನೆ’ ಅಂತ ಬರೀತಾರೇನೇ?"

"ಮೊಬೈಲಲ್ಲಾದ್ರೂ ಓದುತ್ತಾ ಅಂತ ಒಂದ್ಸಲ ನೋಡ್ಬಾರ್ದಾ?"

"ನನ್ನ ಅಕ್ಷರಕ್ಕೆ ಪರೀಕ್ಷೆನಾ? ಹೋಗೇ!"

ಭಾನುವಾರ ಸ್ಟಿಕ್ಕರ್ ಪ್ರಿಂಟಾಗಿ ಬಂತು. ಇನ್ನೂರನ್ನೂ ಕೈಯಾರೆ ಅಂಟಿಸಿ, ಮುದ್ದೆ ಉಂಡು, ಮಧ್ಯಾಹ್ನ ಕೃತಾರ್ಥರಾಗಿ ಮಲಗಿದರು. ಇನ್ನು ಮೇಲೆ ಗೋಕುಲಂನಲ್ಲಿ ಒಂದು ಯಂತ್ರ ಬೆಳಗಿನಿಂದ ಸಂಜೆವರೆಗೆ ತಮ್ಮ ಅಕ್ಷರವನ್ನು ಓದಿ ಓದಿ ‘ಕೀ’ ಎನ್ನುತ್ತದೆ! ಮನುಷ್ಯರು ಓದದಿದ್ದರೆ ಕತ್ತೆ ಬಾಲ ಹೋಯಿತು. ಒಳಗೆ ಮಂಗಳಮ್ಮ ಪ್ಯಾಕೆಟ್‌ಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಯಾಕೋ ಬಹಳ ಹೊತ್ತು ತುಂಬಿದರು.

ಸೋಮವಾರ ಅಂಗಡಿಯ ಕೌಂಟರಿನಲ್ಲಿ ಸುನಿಲ್ ಮೊದಲ ಪ್ಯಾಕೆಟ್ ಎತ್ತಿ ಕೆಂಪು ಬೆಳಕಿಗೆ ಹಿಡಿದ. ಯಂತ್ರ ತೆಪ್ಪಗಿತ್ತು. ಅಡ್ಡ ಹಿಡಿದ, ಉದ್ದ ಹಿಡಿದ, ಅಂಗಿಯ ತೋಳಿಗೆ ಒರೆಸಿ ಹಿಡಿದ. ಉಹೂಂ. ಇನ್ನೊಂದು ಪ್ಯಾಕೆಟ್, ಮತ್ತೊಂದು. ಹಿಂದೆ ಸಾಲಿನಲ್ಲಿ ಯೋಗದ ಚಾಪೆ ಹೊತ್ತು ನಿಂತಿದ್ದ ವಿದೇಶಿ ಹೆಂಗಸು ಬಗ್ಗಿ ನೋಡಿ, ಆ ಗೆರೆಗಳ ಮೇಲೆ ಬೆರಳಾಡಿಸಿ, "ಓ, ಕನ್ನಡ! ಬ್ಯೂಟಿಫುಲ್!" ಎಂದಳು. ನಂಜುಂಡಸ್ವಾಮಿಯವರ ಅಕ್ಷರವನ್ನು ಬದುಕಿನಲ್ಲಿ ಮೊಟ್ಟಮೊದಲ ಸಲ ಒಬ್ಬರು ಮೆಚ್ಚಿದ್ದರು. ಮೆಚ್ಚಿದವರಿಗೆ ಕನ್ನಡ ಬರುತ್ತಿರಲಿಲ್ಲ.

"ಸಾರ್, ಈ ಸಂದೆಲ್ಲ ಯಾಕೆ ಸಮ ಇದೆ?" ಎಂದು ಸುನಿಲ್ ಕೇಳಿದ. "ಮೆಷಿನ್ನು ಬರೀ ಗೆರೆ ಓದಲ್ಲ ಸಾರ್, ಮಧ್ಯದ ಖಾಲಿ ಜಾಗಾನೂ ಓದುತ್ತೆ. ಕೆಲವು ಅಗಲ, ಕೆಲವು ಕಿರಿದು, ಹಂಗಿದ್ರೇನೇ ಅದಕ್ಕೆ ಅರ್ಥ. ಹೋಗ್ಲಿ, ಕೆಳಗೆ ನಂಬರ್ ಆದ್ರೂ ಇದ್ದಿದ್ರೆ ಟೈಪ್ ಮಾಡ್ಕೋಬೋದಿತ್ತು. ಒಂದೊಂದ್ಸಲಾನೂ ನಂಬರ್ ಹುಡುಕ್ತಾ ಕೂರೋಕೆ ನಮ್ಮ ಕೌಂಟರ್‌ನವರಿಗೆ ಎಲ್ಲಾಗುತ್ತೆ? ವಾಪಸ್ ತಗೊಂಡೋಗ್ಬುಡಿ."

ಎಂಟು ದಿನ ಹುರಿದು, ಕುಟ್ಟಿ, ರಾತ್ರಿಯಾದರೆ ಭುಜಕ್ಕೆ ಮುಲಾಮು ಸವರಿಕೊಂಡವಳು ಪಕ್ಕದಲ್ಲೇ ನಿಂತಿದ್ದಾಳೆ. ಅವಳ ಬೆವರನ್ನೆಲ್ಲ ನಾನೇ ಮಣ್ಣುಪಾಲು ಮಾಡಿದೆನಲ್ಲ ಎಂದುಕೊಂಡ ನಂಜುಂಡಸ್ವಾಮಿಯವರು ಅವಳ ಮುಖ ನೋಡುವ ಧೈರ್ಯವಾಗದೆ ತಮ್ಮ ಚಪ್ಪಲಿ ನೋಡುತ್ತಾ ನಿಂತರು.

"ಪ್ಯಾಕೆಟ್ ಹಿಂದುಗಡೆ ತಿರುಗಿಸಪ್ಪ" ಎಂದರು ಮಂಗಳಮ್ಮ ನಿಧಾನವಾಗಿ.

ಸುನಿಲ್ ತಿರುಗಿಸಿದ. ಹಿಂದಿನ ಬಿಳಿ ಚೀಟಿಯಲ್ಲಿ ನೀಲಿ ಬಾಲ್‌ಪೆನ್ನಿನ ಏಳು ದುಂಡನೆಯ ಅಂಕಿಗಳು. ಇನ್ನೊಂದರಲ್ಲೂ ಇತ್ತು. ಇನ್ನೂರರಲ್ಲೂ ಇತ್ತು.

"ಯಾವಾಗ್ಲೇ ಬರೆದೆ?"

"ನೀವು ಗೊರಕೆ ಹೊಡೀತಿದ್ರಲ್ಲ, ಆವಾಗ."

"ಅಂದ್ರೆ ನಿಂಗೆ ನನ್ನ ಮೇಲೆ ನಂಬಿಕೆನೇ ಇರ್ಲಿಲ್ಲ!"

"ನಂಬಿಕೆ ಇದ್ದಿದ್ದಕ್ಕೇ ಬರ್ದಿದ್ದು ಕಣ್ರೀ. ಮೂವತ್ತೆಂಟು ವರ್ಷ ಸಂಸಾರ ಮಾಡಿಲ್ವಾ ನಿಮ್ಜೊತೆ?"

ಸುನಿಲ್ ನಂಬರ್ ಒತ್ತಿದ. ಯಂತ್ರ ‘ಕೀ’ ಎಂದಿತು. "ಎಂಥಾ ಅಕ್ಷರ ಅಮ್ಮ ನಿಮ್ದು! ದೂರದಿಂದ್ಲೇ ಓದ್ಬೋದು. ಸಾರ್, ನೀವು ಫಾಂಟ್ ಮಾಡ್ತೀರಂತಲ್ಲ? ಅಮ್ಮನ ಅಕ್ಷರಾನೇ ಒಂದು ಫಾಂಟ್ ಮಾಡ್ಕೊಡಿ. ಅಂಗಡಿ ಬೋರ್ಡಿಗೆಲ್ಲ ಅದನ್ನೇ ಹಾಕಿಸ್ತೀನಿ" ಎಂದ.

ಹೀಗಾಗಿ ಅಕ್ಷರಬ್ರಹ್ಮರು ತಿಂಗಳುಗಟ್ಟಲೆ ಮತ್ತೆ ಕಂಪ್ಯೂಟರ್ ಮುಂದೆ ಕೂರಬೇಕಾಯಿತು. ಮಂಗಳಮ್ಮ ಹುಚ್ಚೆಳ್ಳು ಹುರಿಯುತ್ತಾ, ನಡುನಡುವೆ ಬಂದು ಹಾಳೆಯ ಮೇಲೆ ಎರಡಕ್ಷರ ಬರೆದುಕೊಟ್ಟು ಹೋಗುತ್ತಿದ್ದರು.

"ಈ ‘ಳ’ ಸ್ವಲ್ಪ ಡೊಂಕಾಗಿದೆ, ನೆಟ್ಟಗೆ ಮಾಡ್ಲಾ?"

"ಮುಟ್ಟಿದ್ರೆ ನೋಡಿ! ಇದ್ದಂಗೆ ಹಾಕ್ರೀ."

ಇದ್ದ ಹಾಗೇ ಹಾಕಿದರು. ಆ ಫಾಂಟ್ ಈಗ ಗೋಕುಲಂನ ಅಂಗಡಿಯ ತುಂಬ ಇದೆ. ಚಂದ್ರಮೌಳಿಯವರೂ ಬಂದು ಗೇಟಿನ ಬೋರ್ಡನ್ನು ಅದರಲ್ಲೇ ಹೊಸದಾಗಿ ಬರೆಸಿಕೊಂಡರು. ಮಾರನೆಯ ದಿನದಿಂದ ಅಲ್ಲಿ ಒಂದು ಸ್ಕೂಟರೂ ನಿಲ್ಲಲಿಲ್ಲ.

ಹಳೆಯ ಬೋರ್ಡನ್ನು ಬಿಸಾಡಲು ಮನಸ್ಸು ಬಾರದೆ ನಂಜುಂಡಸ್ವಾಮಿಯವರು ತಮ್ಮ ಗೇಟಿಗೇ ತಂದು ತಗುಲಿಹಾಕಿದ್ದಾರೆ. ನಾಲ್ಕೂ ಸ್ಕೂಟರ್ ಈಗ ಅಲ್ಲೇ ನಿಲ್ಲುತ್ತವೆ. ಭಾನುವಾರ ಐದು.